ಓದುಗರ ಪ್ರಶ್ನೆ, ನಮ್ಮ ಉತ್ತರ: ಹವ್ಯಾಸಿ ರೇಡಿಯೊದ ಪವರ್ ಆಂಪ್ಲಿಫೈಯರ್

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳ ಹ್ಯಾಮ್ (ಹವ್ಯಾಸಿ ರೇಡಿಯೊ) ಬಳಗದವರ ಪತ್ರಗಳೇ ಹೆಚ್ಚಾಗಿದ್ದು, ಬಹುತೇಕ ಎಲ್ಲವೂ ಸ್ವತಃ ಕಟ್ಟಿಕೊಂಡ, ಸೆಟ್ಟಿನ ಶಕ್ತಿಯನ್ನು ಹೆಚ್ಚಿಸಿ ಏರಿಯಲ್‌ಗೆ ಕೊಡುವ ಪವರ್ ಆಂಪ್ಲಿಫೈಯರ್‌ಗಳ ಕುರಿತಾಗಿವೆ. ಪತ್ರಗಳೊಂದಿಗೆ ನಕ್ಷೆಗಳು ಬಂದಿವೆ, ಚಿತ್ರಗಳೂ ಬಂದಿವೆ. ಆದರೆ ಆಂಪ್ಲಿಫೈಯರ್ ಎಷ್ಟು ಕರೆಂಟ್ ಎಳೆಯುತ್ತಿದೆ ಎಂಬ ಒಂದು ಅಂಕಿ ಹೆಚ್ಚಿನ ಪತ್ರಗಳಲ್ಲಿಲ್ಲ. ದೋಷ ಹುಡುಕುವವನಿಗೆ ಮೊದಲು ಬೇಕಾದುದು ಅದೇ. ಒಳಗೆ ಹೋದ ಡಿಸಿ ಶಕ್ತಿಯಲ್ಲಿ ಏರಿಯಲ್‌ಗೆ ಹೋದದ್ದನ್ನು ಕಳೆದರೆ ಉಳಿಯುವುದೆಲ್ಲ ಶಾಖ. ಆ ಶಾಖ ಎಲ್ಲಿ ಹುಟ್ಟುತ್ತಿದೆ ಎಂಬುದು ತಿಳಿದರೆ ದೋಷದ ಜಾಗವೂ ತಿಳಿದಂತೆಯೇ.

ಪ್ರಶ್ನೆ: ನನ್ನಲ್ಲಿ 40 ಮೀಟರ್ ಬ್ಯಾಂಡಿನ (7 ಮೆಗಾಹರ್ಟ್ಸ್ ಸುತ್ತಮುತ್ತಲಿನ) ಬಿಟ್‌ಎಕ್ಸ್ ಸೆಟ್ ಇದ್ದು, ಸುಮಾರು 7 ವ್ಯಾಟ್ ಕೊಡುತ್ತದೆ. ಪರವಾನಗಿ ನಿರ್ಬಂಧಿತ ದರ್ಜೆಯದು. 100 ವ್ಯಾಟಿನ ಆಂಪ್ಲಿಫೈಯರ್ ಕಟ್ಟಬೇಕೆಂದಿದ್ದೇನೆ. ಇದು ಸರಿಯೇ? (ಪದವಿ ವಿದ್ಯಾರ್ಥಿ, ಆಳಂದ)

ಉತ್ತರ: ನಿರ್ಬಂಧಿತ ದರ್ಜೆಯವರಿಗೆ ಇರುವ ಮಿತಿ 50 ವ್ಯಾಟ್, ಸಾಮಾನ್ಯ ದರ್ಜೆಯವರಿಗೆ 400 ವ್ಯಾಟ್. ಆದ್ದರಿಂದ 100 ವ್ಯಾಟಿನ ಮಾತು ಸದ್ಯಕ್ಕೆ ಬೇಡ. ಅದರಿಂದ ನಿಮಗೆ ದೊಡ್ಡ ನಷ್ಟವೇನೂ ಇಲ್ಲ. 7 ವ್ಯಾಟನ್ನು 50ಕ್ಕೆ ಏರಿಸಿದರೆ ಸಿಗುವ ಲಾಭ ಸುಮಾರು 8.5 ಡೆಸಿಬಲ್, ರಿಸೀವರಿನ ಮೀಟರಿನಲ್ಲಿ ಸಂಕೇತದ ಬಲ ಅಳೆಯುವ ಒಂದು ಎಸ್ ಯೂನಿಟ್ ಎಂದರೆ 6 ಡೆಸಿಬಲ್ ಎಂದು ಎಣಿಸುವುದರಿಂದ, ಕೇಳುವವರ ಮೀಟರಿನಲ್ಲಿ ನೀವು ಏರುವುದು ಒಂದೂವರೆ ಯೂನಿಟ್‌ನಷ್ಟು. ಅಲ್ಲಿಂದ 100ಕ್ಕೆ ಹೋದರೆ ಇನ್ನು ಅರ್ಧ ಯೂನಿಟ್, ಅಷ್ಟೇ. ಹೈದರಾಬಾದಿನ ಅಶ್ಹರ್ ಫರ್ಹಾನ್ ಅವರು ಬಿಟ್‌ಎಕ್ಸ್ ಅನ್ನು ರೂಪಿಸಿದ್ದೇ ಸುಲಭವಾಗಿ ಸಿಗುವ ಅಗ್ಗದ ಬಿಡಿಭಾಗಗಳಿಂದ ಸ್ವತಃ ಕಟ್ಟುವವರಿಗಾಗಿ, ಮತ್ತು ಅದರ ಒಂದೇ ಐಆರ್‌ಎಫ್ 510 ಟ್ರಾನ್ಸಿಸ್ಟರಿನಿಂದ ದೇಶದ ಉದ್ದಗಲಕ್ಕೂ ಮಾತನಾಡುವವರಿದ್ದಾರೆ. ನಿಮ್ಮ ಡೈಪೋಲ್ (ಎರಡು ಸಮ ತಂತಿಗಳ ಏರಿಯಲ್) ಒಟ್ಟು 20 ಮೀಟರ್ ಉದ್ದವಿದ್ದು, ಮಾಳಿಗೆಯ ಗೋಡೆಗೆ ತಾಗದಂತೆ ಎತ್ತರದಲ್ಲಿ ನಿಂತಿದೆಯೇ ಎಂಬುದನ್ನು ಮೊದಲು ನೋಡಿ. ಅದಾದ ಮೇಲೂ ಆಸೆ ಉಳಿದರೆ 30–40 ವ್ಯಾಟಿನ ಆಂಪ್ಲಿಫೈಯರ್ ಕಟ್ಟಿರಿ.

ಪ್ರಶ್ನೆ: ಎರಡು ಐಆರ್‌ಎಫ್ 510 ಬಳಸಿ ಪುಷ್-ಪುಲ್ (ಅಲೆಯ ಎರಡು ಅರ್ಧಗಳನ್ನು ಎರಡು ಟ್ರಾನ್ಸಿಸ್ಟರ್ ಸರದಿಯಂತೆ ನಡೆಸುವ) ಆಂಪ್ಲಿಫೈಯರ್ ಕಟ್ಟಿದ್ದೇನೆ. ಸಪ್ಲೈ 13.8 ವೋಲ್ಟ್. ಡ್ರೈವ್ (ಆಂಪ್ಲಿಫೈಯರಿನ ಒಳಗೆ ಕೊಡುವ ಸಂಕೇತ) ಎಷ್ಟು ಹೆಚ್ಚಿಸಿದರೂ 6 ವ್ಯಾಟ್ ದಾಟುವುದಿಲ್ಲ. ಟ್ರಾನ್ಸಿಸ್ಟರ್‌ಗಳು ಬಿಸಿಯೂ ಆಗುವುದಿಲ್ಲ, ಕರೆಂಟ್ ಒಂದು ಆಂಪಿಯರಿನ ಹತ್ತಿರವೇ ನಿಲ್ಲುತ್ತದೆ. ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಎರಡೂ ಬದಿಗೆ ಸಮಾನ ಸುತ್ತುಗಳಿವೆ. ಟ್ರಾನ್ಸಿಸ್ಟರ್ ನಕಲಿಯೇ? (ಪ್ರಯೋಗಾಲಯ ಸಹಾಯಕರು, ಕಲಬುರಗಿ)

ಉತ್ತರ: ಕರೆಂಟಿನ ಅಂಕಿಯನ್ನು ಬರೆದಿದ್ದಕ್ಕೆ ಧನ್ಯವಾದಗಳು, ಏಕೆಂದರೆ ಉತ್ತರ ಅದರಲ್ಲಿಯೇ ಇದೆ. ಟ್ರಾನ್ಸಿಸ್ಟರ್ ನಕಲಿಯಲ್ಲ, ಟ್ರಾನ್ಸ್‌ಫಾರ್ಮರಿನ ಅನುಪಾತ ತಪ್ಪಾಗಿದೆ.

ಪುಷ್-ಪುಲ್ ಜೋಡಿಯಿಂದ ಸಿಗಬಹುದಾದ ಗರಿಷ್ಠ ಶಕ್ತಿಯನ್ನು ಲೆಕ್ಕ ಹಾಕುವ ರೀತಿ ಸರಳವಾಗಿದೆ. ಸಪ್ಲೈ ವೋಲ್ಟೇಜಿನ ವರ್ಗವನ್ನು ಎರಡರಿಂದ ಗುಣಿಸಿ, ಒಂದು ಟ್ರಾನ್ಸಿಸ್ಟರಿನ ಡ್ರೇನಿನಿಂದ (ಶಕ್ತಿ ಹೊರಬರುವ ಕಾಲು) ಇನ್ನೊಂದರ ಡ್ರೇನಿಗೆ ಕಾಣುವ ಲೋಡಿನ ಓಮ್‌ಗಳಿಂದ ಭಾಗಿಸಬೇಕು. ಸಮಾನ ಸುತ್ತುಗಳಿರುವುದರಿಂದ ನಿಮ್ಮ ಟ್ರಾನ್ಸಿಸ್ಟರ್‌ಗಳಿಗೆ ಕಾಣುವುದು ಏರಿಯಲಿನ 50 ಓಮ್‌ಗಳೇ. 13.8ರ ವರ್ಗ ಸುಮಾರು 190. ಅದರ ಎರಡರಷ್ಟನ್ನು 50ರಿಂದ ಭಾಗಿಸಿದರೆ 7.6 ವ್ಯಾಟ್. ಟ್ರಾನ್ಸಿಸ್ಟರ್ ಪೂರ್ತಿ ತೆರೆದಾಗಲೂ ಅದರ ಮೇಲೆ ಎರಡು ವೋಲ್ಟಿನಷ್ಟು ಉಳಿಯುತ್ತದೆ ಎಂದು ಹಿಡಿದರೆ ಲೆಕ್ಕ 5.6 ವ್ಯಾಟಿಗೆ ಇಳಿಯುತ್ತದೆ. ನೀವು ಕಾಣುತ್ತಿರುವುದು ಈ ಎರಡರ ನಡುವಿನ ಅಂಕಿಯನ್ನೇ. ಡ್ರೇನಿನ ವೋಲ್ಟೇಜ್ ತಾನು ಹೋಗಬಹುದಾದಷ್ಟು ದೂರ ಹೋಗಿ ನಿಂತಿದೆ. ಇನ್ನು ಡ್ರೈವ್ ಹೆಚ್ಚಿಸಿದರೆ ಅಲೆಯ ತುದಿ ಚಪ್ಪಟೆಯಾಗಿ ಹಾರ್ಮೋನಿಕ್ (ಮೂಲ ಆವರ್ತನದ ಎರಡು, ಮೂರು ಪಟ್ಟಿನ ಬೇಡದ ಸಂಕೇತ) ಹೆಚ್ಚುವುದೇ ಹೊರತು ಶಕ್ತಿ ಹೆಚ್ಚುವುದಿಲ್ಲ.

ಔಟ್‌ಪುಟ್ ಬದಿಗೆ ಎರಡರಷ್ಟು ಸುತ್ತುಗಳನ್ನು ಹಾಕಿದರೆ ಇಂಪೀಡೆನ್ಸ್ (ಟ್ರಾನ್ಸಿಸ್ಟರ್ ಜೋಡಿಗೆ ಕಾಣುವ ಲೋಡಿನ ಓಮ್) ನಾಲ್ಕನೇ ಒಂದು ಭಾಗಕ್ಕೆ, ಅಂದರೆ 12.5 ಓಮ್‌ಗೆ ಇಳಿಯುತ್ತದೆ, ಮತ್ತು ಅದೇ ಲೆಕ್ಕ 22 ವ್ಯಾಟಿನವರೆಗೆ ಏರುತ್ತದೆ. ಆಗ ಪ್ರತಿ ಟ್ರಾನ್ಸಿಸ್ಟರಿನ ಗರಿಷ್ಠ ಕ್ಷಣಿಕ ಕರೆಂಟ್ ಸುಮಾರು 3.8 ಆಂಪಿಯರ್ ಆಗುತ್ತದೆ. ಐಆರ್‌ಎಫ್ 510ರ ಮಿತಿ 5.6 ಆಂಪಿಯರ್ ಇರುವುದರಿಂದ ಅದು ತಡೆದುಕೊಳ್ಳುತ್ತದೆ. ಇದಕ್ಕಿಂತ ಕೆಳಗಿನ ಲೋಡಿಗೆ ಇಳಿಯಬೇಡಿ. ಅನುಪಾತವನ್ನು ಬದಲಿಸಲು ಮನಸ್ಸಿಲ್ಲದಿದ್ದರೆ, ಈಗಿರುವ ಟ್ರಾನ್ಸ್‌ಫಾರ್ಮರನ್ನೇ ಉಳಿಸಿಕೊಂಡು ಸಪ್ಲೈಯನ್ನು 28 ವೋಲ್ಟಿಗೆ ಏರಿಸುವುದು ಇನ್ನೊಂದು ದಾರಿ. ವೋಲ್ಟೇಜ್ ಹೆಚ್ಚಿ ಕರೆಂಟ್ ಕಡಿಮೆ ಇರುವ ಕಡೆ ಈ ಟ್ರಾನ್ಸಿಸ್ಟರ್ ಚೆನ್ನಾಗಿ ದುಡಿಯುತ್ತದೆ ಎಂಬುದರಿಂದ ನಮ್ಮ ಒಲವು ಇದರ ಕಡೆಗೇ. ಡ್ರೇನಿನ ಮೇಲಿನ ವೋಲ್ಟೇಜ್ ಸಪ್ಲೈನ ಎರಡರಷ್ಟಕ್ಕೆ, ಅಂದರೆ 56ಕ್ಕೆ ಏರಿದರೂ, ಅದರ ಮಿತಿ 100 ವೋಲ್ಟ್ ಇದೆ.

ಇದೇ ತೊಂದರೆಯಿರುವ ಇತರರಿಗೂ ಒಂದು ಮಾತು. ಡ್ರೈವ್ ಹೆಚ್ಚಿಸಿದಾಗ ಶಕ್ತಿಯೂ ಕರೆಂಟೂ ಎರಡೂ ನಿಂತಲ್ಲೇ ನಿಂತರೆ ಲೋಡಿನ ಇಂಪೀಡೆನ್ಸ್ ಹೆಚ್ಚಾಗಿದೆ ಎಂದು ತಿಳಿಯಿರಿ. ಕರೆಂಟ್ ಏರುತ್ತಾ ಹೋಗಿ ಶಕ್ತಿ ಮಾತ್ರ ಏರದಿದ್ದರೆ ಟ್ರಾನ್ಸ್‌ಫಾರ್ಮರ್ ಅಥವಾ ಫಿಲ್ಟರ್ ಅದನ್ನು ನುಂಗುತ್ತಿದೆ. ಸಪ್ಲೈ ಆರಿಸಿ ಅವುಗಳನ್ನು ಬೆರಳಿನಿಂದ ಮುಟ್ಟಿ ನೋಡಿದರೆ ಯಾವುದೆಂದು ಗೊತ್ತಾಗುತ್ತದೆ.

ಪ್ರಶ್ನೆ: ಮೈಕ್ರೊಬಿಟ್‌ಎಕ್ಸ್ ಸೆಟ್ಟಿನ 10 ವ್ಯಾಟನ್ನು ನೇರವಾಗಿ ಐಆರ್‌ಎಫ್ 510 ಜೋಡಿಯ ಆಂಪ್ಲಿಫೈಯರ್‌ಗೆ ಕೊಡುತ್ತಿದ್ದೇನೆ. ಪಿಟಿಟಿ (ಮಾತನಾಡಲು ಒತ್ತುವ ಗುಂಡಿ) ಒತ್ತಿದ ಕೂಡಲೇ ಟ್ರಾನ್ಸಿಸ್ಟರ್‌ಗಳು ಸುಡುತ್ತವೆ. ಹೊಸ ಜೋಡಿ ಹಾಕಿದರೂ ಅದೇ ಗತಿ. ಕೆಲವೊಮ್ಮೆ ಡ್ರೈವ್ ಕೊಡುವ ಮೊದಲೇ, ಬಯಸ್ (ಟ್ರಾನ್ಸಿಸ್ಟರನ್ನು ತುಸು ತೆರೆದಿಡಲು ಗೇಟ್ ಎಂಬ ಕಾಲಿಗೆ ಕೊಡುವ ವೋಲ್ಟೇಜ್) ಹೊಂದಿಸುವಾಗಲೇ ಕರೆಂಟ್ ದಿಢೀರನೆ ಜಿಗಿಯುತ್ತದೆ. (ಡಿಪ್ಲೊಮಾ ವಿದ್ಯಾರ್ಥಿ, ಬೀದರ್)

ಉತ್ತರ: ನೀವು ಬರೆದಿರುವುದರಲ್ಲಿ ಎರಡು ಬೇರೆ ಬೇರೆ ದೋಷಗಳು ಸೇರಿಕೊಂಡಿವೆ. ಒಂದನ್ನು ಸರಿಪಡಿಸಿದರೂ ಇನ್ನೊಂದು ಸುಡುತ್ತಲೇ ಇರುವುದರಿಂದ ಎರಡನ್ನೂ ಪ್ರತ್ಯೇಕವಾಗಿ ನೋಡೋಣ.

ಮೊದಲನೆಯದು ಡ್ರೈವ್. 50 ಓಮ್ ಲೋಡಿನಲ್ಲಿ 10 ವ್ಯಾಟ್ ಎಂದರೆ ಅಲೆಯ ತುದಿಯಲ್ಲಿ 31.6 ವೋಲ್ಟ್. ಐಆರ್‌ಎಫ್ 510ರ ಗೇಟ್ ತಡೆದುಕೊಳ್ಳುವುದು 20 ವೋಲ್ಟ್ ಮಾತ್ರ, ಮತ್ತು ಗೇಟಿನ ಒಳಗಿನ ತೆಳುವಾದ ಆಕ್ಸೈಡ್ ಪದರ ಒಮ್ಮೆ ತೂತಾದರೆ ಮತ್ತೆ ಕೂಡುವುದಿಲ್ಲ. ಇನ್‌ಪುಟ್ ಟ್ರಾನ್ಸ್‌ಫಾರ್ಮರ್ ಸ್ವಲ್ಪ ಇಳಿಸಿದರೂ, ಮೂರುನಾಲ್ಕು ವೋಲ್ಟಿನ ಬಯಸ್ ಸೇರಿದಾಗ ನೀವು ಅಂಚಿನಲ್ಲಿಯೇ ಇರುತ್ತೀರಿ. ಈ ಜೋಡಿಗೆ ಒಂದು ವ್ಯಾಟ್ ಡ್ರೈವ್ ಸಾಕು. ಆದ್ದರಿಂದ ಸೆಟ್ಟು ಮತ್ತು ಆಂಪ್ಲಿಫೈಯರ್ ನಡುವೆ 10 ಡೆಸಿಬಲ್‌ನ ಅಟೆನ್ಯೂಯೇಟರ್ (ಶಕ್ತಿಯನ್ನು ಹತ್ತನೇ ಒಂದು ಭಾಗಕ್ಕೆ ಇಳಿಸುವ ಮೂರು ರೆಸಿಸ್ಟರುಗಳ ಜೋಡಣೆ) ಹಾಕಿರಿ. ನಡುವಿನ ರೆಸಿಸ್ಟರ್ 71 ಓಮ್, ಎರಡು ತುದಿಗಳಿಂದ ಭೂಮಿಗೆ ಇಳಿಯುವವು 96 ಓಮ್ ಎಂದು ಲೆಕ್ಕ ಬರುತ್ತದೆ. ಅಂಗಡಿಯಲ್ಲಿ ಸಿಗುವ 68 ಮತ್ತು 100 ಓಮ್‌ಗಳು ನಡೆಯುತ್ತವೆ. ಸೆಟ್ಟಿನ ಕಡೆಯ ರೆಸಿಸ್ಟರಿನಲ್ಲಿ 5 ವ್ಯಾಟಿಗಿಂತ ಹೆಚ್ಚು, ನಡುವಿನದರಲ್ಲಿ 3 ವ್ಯಾಟಿಗಿಂತ ಹೆಚ್ಚು, ಆಂಪ್ಲಿಫೈಯರ್ ಕಡೆಯದರಲ್ಲಿ ಅರ್ಧ ವ್ಯಾಟಿನಷ್ಟು ಶಾಖವಾಗುವುದರಿಂದ, 2 ವ್ಯಾಟಿನ ಮೆಟಲ್ ಫಿಲ್ಮ್ ರೆಸಿಸ್ಟರ್‌ಗಳನ್ನು ಹಲವು ಜೋಡಿಸಿ ಆ ಬೆಲೆಗಳನ್ನು ಮಾಡಿಕೊಳ್ಳಿ. ಬಿಳಿ ಸಿಮೆಂಟಿನ ಚೌಕಾಕಾರದ ರೆಸಿಸ್ಟರ್ ಬೇಡವೇ ಬೇಡ. ಅದರೊಳಗೆ ಇರುವುದು ಸುತ್ತಿದ ತಂತಿ. ರೇಡಿಯೊ ಆವರ್ತನದಲ್ಲಿ ಅದು ಕಾಯಿಲಿನಂತೆ ವರ್ತಿಸುತ್ತದೆ.

ಎರಡನೆಯದು, ಡ್ರೈವ್ ಇಲ್ಲದೆಯೇ ಕರೆಂಟ್ ಜಿಗಿಯುವುದು. ಇದು ಆಂಪ್ಲಿಫೈಯರ್ ತಾನೇ ಆಸಿಲೇಟರ್ ಆಗಿ, ಒಳಗೆ ಸಂಕೇತವಿಲ್ಲದೆಯೂ ಅಲೆ ಹುಟ್ಟಿಸುತ್ತಿರುವ ಲಕ್ಷಣ. ಬಯಸ್ ಪ್ರಿಸೆಟ್ (ತಿರುಗಿಸಿ ಹೊಂದಿಸುವ ಪುಟ್ಟ ರೆಸಿಸ್ಟರ್) ತಿರುಗಿಸಿದಂತೆ ಕರೆಂಟ್ ಮೆಲ್ಲನೆ ಏರಬೇಕು. ಹಠಾತ್ತನೆ ಹಾರಿದರೆ, ಕೈ ಹತ್ತಿರ ತಂದಾಗ ಬದಲಾದರೆ, ಅಥವಾ ಡ್ರೈವಿಲ್ಲದೆ ಪವರ್ ಮೀಟರಿನ ಮುಳ್ಳು ಎದ್ದರೆ ಸಂಶಯ ಬೇಡ. ನೀವು ಕಳುಹಿಸಿದ ಚಿತ್ರದಲ್ಲಿ ಸೋರ್ಸ್ ಕಾಲುಗಳಿಂದ ಭೂಮಿಯವರೆಗೆ ಬೆರಳುದ್ದದ ತಂತಿಯಿದೆ, ಮತ್ತು ಇನ್‌ಪುಟ್ ಹಾಗೂ ಔಟ್‌ಪುಟ್ ತಂತಿಗಳು ಒಂದೇ ರಿಲೇಗೆ ಒಟ್ಟೊಟ್ಟಿಗೆ ಸಾಗಿವೆ. ಈ ಎರಡರಿಂದಲೇ ಆಸಿಲೇಷನ್ ಹುಟ್ಟಬಲ್ಲದು. ಸೋರ್ಸ್ ಕಾಲನ್ನು ತಾಮ್ರದ ಹಾಳೆಗೆ ನೇರವಾಗಿ, ಎಷ್ಟು ಗಿಡ್ಡವಾಗುತ್ತದೋ ಅಷ್ಟು ಗಿಡ್ಡವಾಗಿ ಬೆಸುಗೆ ಹಾಕಿರಿ. ಪ್ರತಿ ಗೇಟಿಗೆ, ಅದರ ಕಾಲಿಗೆ ಅಂಟಿಕೊಂಡಂತೆ, 4.7ರಿಂದ 10 ಓಮ್‌ವರೆಗಿನ ಒಂದು ರೆಸಿಸ್ಟರನ್ನು ಸರಣಿಯಲ್ಲಿ ಸೇರಿಸಿ. ಡ್ರೇನಿನಿಂದ ಗೇಟಿಗೆ 0.1 ಮೈಕ್ರೊಫ್ಯಾರಡ್ ಮತ್ತು 220ರಿಂದ 470 ಓಮ್ ಸರಣಿಯಾಗಿ ಬರುವ ಫೀಡ್‌ಬ್ಯಾಕ್ ಕೊಟ್ಟರೆ ಕೆಳ ಆವರ್ತನಗಳ ಅತಿಯಾದ ಗೇನ್ ಇಳಿಯುತ್ತದೆ. ಸಪ್ಲೈ ತಂತಿ ಟ್ರಾನ್ಸ್‌ಫಾರ್ಮರಿನ ನಡುವಿನ ಟ್ಯಾಪಿಗೆ ಸೇರುವಲ್ಲಿ 0.1 ಮೈಕ್ರೊಫ್ಯಾರಡ್ ಸೆರಾಮಿಕ್ ಜೊತೆಗೆ ಒಂದು ದೊಡ್ಡ ಎಲೆಕ್ಟ್ರೊಲಿಟಿಕ್ ಇರಲೇಬೇಕು.

ಮುಂದಿನ ಜೋಡಿಯನ್ನು ಹಾಕುವಾಗ ಅವಸರ ಮಾಡಬೇಡಿ. ಏರಿಯಲ್ ಬದಲು ಡಮ್ಮಿ ಲೋಡ್ ಜೋಡಿಸಿ. 2 ವ್ಯಾಟಿನ 1 ಕಿಲೊಓಮ್ ಮೆಟಲ್ ಫಿಲ್ಮ್ ರೆಸಿಸ್ಟರ್ ಇಪ್ಪತ್ತನ್ನು ಸಮಾಂತರವಾಗಿ ಕೂಡಿಸಿದರೆ 50 ಓಮ್, 40 ವ್ಯಾಟಿನ ಲೋಡ್ ಸಿದ್ಧ. ಸಪ್ಲೈಗೆ ಕರೆಂಟ್ ಮಿತಿ ಇಲ್ಲದಿದ್ದರೆ ಸರಣಿಯಲ್ಲಿ 12 ವೋಲ್ಟಿನ ವಾಹನದ ಬಲ್ಬೊಂದನ್ನು ಹಾಕಿರಿ; ಏನಾದರೂ ಕೆಟ್ಟರೆ ಬಲ್ಬು ಉರಿಯುತ್ತದೆ, ಟ್ರಾನ್ಸಿಸ್ಟರ್ ಉಳಿಯುತ್ತದೆ. ಎರಡೂ ಪ್ರಿಸೆಟ್‌ಗಳನ್ನು ಸೊನ್ನೆ ವೋಲ್ಟಿಗೆ ಇಳಿಸಿ, ಒಂದೊಂದೇ ಟ್ರಾನ್ಸಿಸ್ಟರಿನ ಕರೆಂಟನ್ನು 50ರಿಂದ 100 ಮಿಲಿಆಂಪಿಯರಿಗೆ ತನ್ನಿ. ತೆರೆದುಕೊಳ್ಳುವ ವೋಲ್ಟೇಜ್ ಒಂದೇ ಮಾದರಿಯ ಟ್ರಾನ್ಸಿಸ್ಟರ್‌ಗಳಲ್ಲೂ 2ರಿಂದ 4 ವೋಲ್ಟಿನವರೆಗೆ ಹೆಚ್ಚುಕಡಿಮೆ ಇರುವುದರಿಂದ, ಒಂದೇ ಪ್ರಿಸೆಟ್ಟಿನಿಂದ ಎರಡಕ್ಕೂ ಬಯಸ್ ಕೊಡುವ ನಕ್ಷೆಗಳನ್ನು ನಾವು ಒಪ್ಪುವುದಿಲ್ಲ. ನಾಲ್ಕು ವೋಲ್ಟ್ ಹತ್ತಿರವಾದರೂ ಏನೂ ಆಗಲಿಲ್ಲವೆಂದು ಪ್ರಿಸೆಟ್ಟನ್ನು ಜೋರಾಗಿ ತಿರುಗಿಸಬೇಡಿ. ಒಮ್ಮೆ ತೆರೆದ ಮೇಲೆ ವೋಲ್ಟಿನ ಒಂದು ಸಣ್ಣ ಅಂಶಕ್ಕೇ ಕರೆಂಟ್ ಬಹಳ ಏರುತ್ತದೆ.

ರಿಲೇಯ ಮಾತೂ ಇದೆ. ಅದರ ಸಂಪರ್ಕ ಕೂಡಲು ಹಲವು ಮಿಲಿಸೆಕೆಂಡ್ ಬೇಕು. ಅಷ್ಟರಲ್ಲಿ ಡ್ರೈವ್ ಬಂದರೆ ಆಂಪ್ಲಿಫೈಯರ್ ಲೋಡಿಲ್ಲದೆ ದುಡಿಯಬೇಕಾಗುತ್ತದೆ. ಮೊದಲು ರಿಲೇ, ಅನಂತರ ಬಯಸ್, ಕೊನೆಗೆ ಡ್ರೈವ್ ಬರಬೇಕು. ಬಿಡುವಾಗ ಕ್ರಮ ತಿರುಗಬೇಕು.

ಪ್ರಶ್ನೆ: ಬೆಳಗ್ಗೆ ಸರಿಯಿರುವ ಆಂಪ್ಲಿಫೈಯರ್ ಮಧ್ಯಾಹ್ನ ಮಾತನಾಡದೇ ಇರುವಾಗಲೂ ಹೆಚ್ಚು ಹೆಚ್ಚು ಕರೆಂಟ್ ಎಳೆಯುತ್ತದೆ. ನನ್ನ ಕೋಣೆಗೆ ಪತ್ರಾಸ್ ಹೊದಿಸಿದೆ. (ರೇಡಿಯೊ ರಿಪೇರಿ ಮಾಡುವವರು, ಶಹಾಪುರ)

ಉತ್ತರ: ಮಾಸ್‌ಫೆಟ್ (ಐಆರ್‌ಎಫ್ 510ರಂಥ ಟ್ರಾನ್ಸಿಸ್ಟರ್) ಬಿಸಿಯಾದಂತೆ ಅದು ತೆರೆದುಕೊಳ್ಳುವ ವೋಲ್ಟೇಜ್ ಇಳಿಯುತ್ತದೆ. ಬಯಸ್ ಇದ್ದಷ್ಟೇ ಇದ್ದರೂ ಕರೆಂಟ್ ಏರುತ್ತದೆ, ಏರಿದ ಕರೆಂಟ್ ಇನ್ನಷ್ಟು ಬಿಸಿ ಮಾಡುತ್ತದೆ, ಹೀಗೆ ಒಂದನ್ನೊಂದು ಎಳೆದುಕೊಂಡು ಹೋಗುತ್ತದೆ. ಹೊರದೇಶದ ನಕ್ಷೆಗಳಲ್ಲಿ ಕೋಣೆಯ ಉಷ್ಣತೆಯನ್ನು 25 ಡಿಗ್ರಿ ಎಂದು ಹಿಡಿದಿರುತ್ತಾರೆ. ನಮ್ಮ ಮೇ ತಿಂಗಳ 43 ಡಿಗ್ರಿಗೆ ಆ ಹೀಟ್‌ಸಿಂಕ್ ಸಾಲದು.

ಲೆಕ್ಕ ಹೀಗಿದೆ. 20 ವ್ಯಾಟ್ ಕೊಡಲು ಆಂಪ್ಲಿಫೈಯರ್ 36 ವ್ಯಾಟ್ ಎಳೆದರೆ 16 ವ್ಯಾಟ್ ಶಾಖ, ಪ್ರತಿ ಟ್ರಾನ್ಸಿಸ್ಟರಿಗೆ 8. ವ್ಯಾಟಿಗೆ 3 ಡಿಗ್ರಿ ಏರುವ ಹೀಟ್‌ಸಿಂಕ್ ಇದ್ದರೆ ಅದು ಕೋಣೆಗಿಂತ 48 ಡಿಗ್ರಿ ಮೇಲೇರುತ್ತದೆ. ಐಆರ್‌ಎಫ್ 510ರ ಒಳಗಿನಿಂದ ಲೋಹದ ಬೆನ್ನಿನವರೆಗೆ ವ್ಯಾಟಿಗೆ 3.5 ಡಿಗ್ರಿ, ಅಭ್ರಕದ ಹಾಳೆ ಮತ್ತು ಪೇಸ್ಟಿಗೆ ಇನ್ನೊಂದು ಡಿಗ್ರಿ, ಒಟ್ಟು 36. 43, 48, 36 ಕೂಡಿದರೆ 127 ಡಿಗ್ರಿ. ಮಿತಿ 175 ಇರುವುದರಿಂದ ಟ್ರಾನ್ಸಿಸ್ಟರ್ ಸಾಯದು. ಆದರೆ ಹೀಟ್‌ಸಿಂಕೇ 91 ಡಿಗ್ರಿಗೆ ಏರಿದಾಗ ಬೆಳಗ್ಗೆ ಹೊಂದಿಸಿದ ಬಯಸ್ ಹಾಗೆಯೇ ಉಳಿಯುವುದು ಸಾಧ್ಯವಿಲ್ಲ. ಕಳುಹಿಸುವಷ್ಟು ಹೊತ್ತೂ ಪೂರ್ಣ ಶಕ್ತಿ ಬೇಡುವ ಎಫ್‌ಟಿ 8ರಂಥ ಡಿಜಿಟಲ್ ಮೋಡ್‌ಗಳಲ್ಲಿ ಶಾಖ ಈ ಲೆಕ್ಕಕ್ಕೆ ಹೆಚ್ಚು ಹತ್ತಿರವಾಗುತ್ತದೆ. ಮಾತಿನಲ್ಲಿ ಸರಾಸರಿ ಕಡಿಮೆ.

ಕಂಪ್ಯೂಟರಿನ 12 ವೋಲ್ಟ್ ಫ್ಯಾನ್ ಒಂದನ್ನು ರೆಕ್ಕೆಗಳ ಮೇಲೆ ಬೀಸುವಂತೆ ಇಡಿ. ಖರ್ಚು ಕಡಿಮೆ, ಫಲ ಹೆಚ್ಚು. ಬಯಸನ್ನು 5 ವೋಲ್ಟಿನ ಪುಟ್ಟ ರೆಗ್ಯುಲೇಟರಿನಿಂದ ತೆಗೆದುಕೊಂಡು, ಅದರ ವಿಭಾಜಕದ ಕೆಳಗಿನ ಭಾಗದಲ್ಲಿ ಬಿಸಿಯಾದಂತೆ ಓಮ್ ಇಳಿಯುವ ಥರ್ಮಿಸ್ಟರ್ ಸೇರಿಸಿ, ಅದನ್ನು ಟ್ರಾನ್ಸಿಸ್ಟರಿನ ಪಕ್ಕದಲ್ಲೇ ಹೀಟ್‌ಸಿಂಕಿಗೆ ಅಂಟಿಸಿದರೆ ಬಯಸ್ ತಾನಾಗಿಯೇ ಇಳಿಯುತ್ತದೆ. ಪೇಸ್ಟನ್ನು ತೆಳ್ಳಗೆ ಹಚ್ಚಬೇಕು. ಬೆನ್ನಿನ ಲೋಹ ಡ್ರೇನಿಗೆ ಸೇರಿರುವುದರಿಂದ ಅಭ್ರಕ ಮತ್ತು ಪ್ಲಾಸ್ಟಿಕ್ ವಾಷರ್ ಎರಡನ್ನೂ ಮರೆಯಬೇಡಿ.

ಪ್ರಶ್ನೆ: 40 ವ್ಯಾಟಿನ ಆಂಪ್ಲಿಫೈಯರ್ ಚಾಲೂ ಮಾಡಿದಂದಿನಿಂದ ಪಕ್ಕದ ಮನೆಯ ಟಿವಿಯಲ್ಲಿ ಗೆರೆ ಬರುತ್ತವೆ, ಸ್ಪೀಕರಿನಲ್ಲಿ ನನ್ನ ದನಿ ಒಡೆದು ಕೇಳುತ್ತದೆ. ಸೆಟ್ಟಿನಲ್ಲಿ ಫಿಲ್ಟರ್ ಇದೆಯಲ್ಲ, ಇನ್ನೊಂದು ಬೇಕೆ? ಹಳೆಯ ಕಂಪ್ಯೂಟರಿನ ಪವರ್ ಸಪ್ಲೈ, ಅಂದರೆ ಎಸ್‌ಎಂಪಿಎಸ್‌ನ ಕಾಯಿಲ್ ಸುತ್ತುವ ಹಳದಿ ಉಂಗುರಗಳು ನನ್ನಲ್ಲಿವೆ. (ಶಿಕ್ಷಕರು, ಹುಮನಾಬಾದ್)

ಉತ್ತರ: ಬೇಕು. ಸೆಟ್ಟಿನ ಫಿಲ್ಟರ್ ತನ್ನ ಹಿಂದಿನದನ್ನು ಸೋಸುತ್ತದೆ. ಮುಂದೆ ಆಂಪ್ಲಿಫೈಯರ್ ಹುಟ್ಟಿಸುವ ಹಾರ್ಮೋನಿಕ್‌ಗಳಿಗೆ ಅದು ಹೊಣೆಯಲ್ಲ. 7.1 ಮೆಗಾಹರ್ಟ್ಸ್‌ನ ಎರಡನೇ ಹಾರ್ಮೋನಿಕ್ 14.2, ಮೂರನೆಯದು 21.3; ಎರಡೂ ಇತರ ಹವ್ಯಾಸಿಗಳ ಬ್ಯಾಂಡುಗಳಲ್ಲೇ ಬೀಳುತ್ತವೆ. ಪುಷ್-ಪುಲ್ ಜೋಡಣೆ ಎರಡನೆಯದನ್ನು ತಕ್ಕಮಟ್ಟಿಗೆ ಅದುಮುತ್ತದೆ, ಮೂರನೆಯದನ್ನು ಅದುಮುವುದಿಲ್ಲ.

40 ಮೀಟರ್ ಬ್ಯಾಂಡಿಗೆ ಬಹಳ ಕಾಲದಿಂದ ಬಳಕೆಯಲ್ಲಿರುವ ಲೋ-ಪಾಸ್ (ಕೆಳ ಆವರ್ತನವನ್ನು ಹೋಗಗೊಟ್ಟು ಮೇಲಿನದನ್ನು ತಡೆಯುವ) ಫಿಲ್ಟರಿನಲ್ಲಿ ಮೂರು ಕಾಯಿಲ್, ನಾಲ್ಕು ಕೆಪಾಸಿಟರ್ ಇರುತ್ತವೆ. ಎರಡು ತುದಿಗಳಲ್ಲಿ 270 ಪಿಕೊಫ್ಯಾರಡ್, ನಡುವಿನ ಎರಡು 680 ಪಿಕೊಫ್ಯಾರಡ್. ಹೊರಗಿನ ಎರಡು ಕಾಯಿಲ್ 1.38 ಮೈಕ್ರೊಹೆನ್ರಿ, ನಡುವಿನದು 1.70. ಟಿ 50-2 ಕೆಂಪು ಉಂಗುರದ ಮೇಲೆ ಇವು ಕ್ರಮವಾಗಿ 17 ಮತ್ತು 19 ಸುತ್ತು. ತಂತಿ ಉಂಗುರದ ತೂತಿನೊಳಗಿಂದ ಒಮ್ಮೆ ಹಾಯ್ದರೆ ಒಂದು ಸುತ್ತು ಎಂದೇ ಎಣಿಸಬೇಕು. ಕೆಪಾಸಿಟರ್‌ಗಳು 500 ವೋಲ್ಟಿನ ಎನ್‌ಪಿ 0 ಸೆರಾಮಿಕ್ ಅಥವಾ ಸಿಲ್ವರ್ ಮೈಕಾ ಆಗಿರಲಿ. ಸಾಮಾನ್ಯ ಡಿಸ್ಕ್ ಸೆರಾಮಿಕ್ ಈ ಶಕ್ತಿಗೆ ಬಿಸಿಯಾಗಿ ಬೆಲೆ ಬದಲಿಸುತ್ತದೆ.

ನಿಮ್ಮ ಹಳದಿ ಉಂಗುರಗಳನ್ನು ಬಳಸಬೇಡಿ. ಪೂರ್ತಿ ಹಳದಿಯಾಗಿರುವುದು ರೇಡಿಯೊಗೆ ಒಗ್ಗುವ 6ನೇ ಮಿಶ್ರಣ (ಉಂಗುರ ಮಾಡುವ ಕಬ್ಬಿಣದ ಪುಡಿಯ ಬಗೆ). ಒಂದು ಮುಖ ಬಿಳಿಯಿದ್ದು ಉಳಿದದ್ದು ಹಳದಿಯಾಗಿರುವುದು 26ನೇ ಮಿಶ್ರಣ, ಎಸ್‌ಎಂಪಿಎಸ್‌ಗಳಲ್ಲಿ ಸಿಗುವುದು ಅದೇ. ರೇಡಿಯೊ ಆವರ್ತನದಲ್ಲಿ ಅದು ಶಕ್ತಿಯನ್ನೆಲ್ಲ ಶಾಖ ಮಾಡಿಬಿಡುತ್ತದೆ. ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿಯಲ್ಲಿ ಕೇಳುವಾಗಲೂ ಬಣ್ಣವನ್ನು ಎರಡೂ ಮುಖಗಳಲ್ಲಿ ನೋಡಿ ತೆಗೆದುಕೊಳ್ಳಿ.

ಸ್ಪೀಕರಿನಲ್ಲಿ ದನಿ ಕೇಳುವುದಕ್ಕೆ ಕಾರಣ ಬೇರೆ. ಸ್ಪೀಕರಿನ ಉದ್ದ ತಂತಿಯೇ ಏರಿಯಲ್ ಆಗಿ ನಿಮ್ಮ ಮೂಲ ಆವರ್ತನವನ್ನೇ ಹಿಡಿಯುತ್ತಿದೆ. ನಿಮ್ಮ ಫಿಲ್ಟರ್ ಎಷ್ಟೇ ಚೆನ್ನಾಗಿದ್ದರೂ ಅದು ನಿಲ್ಲದು. ನೆರೆಯವರ ಒಪ್ಪಿಗೆ ಪಡೆದು ಆ ತಂತಿಯನ್ನು ಅವರ ಉಪಕರಣದ ಹತ್ತಿರವೇ ಫೆರೈಟ್ ಉಂಗುರಕ್ಕೆ ಹಲವು ಸುತ್ತು ಸುತ್ತಿರಿ.

ಪ್ರಶ್ನೆ: ಹಿರಿಯ ಹ್ಯಾಮ್ ಒಬ್ಬರು 807 ಎಂಬ ಗಾಜಿನ ವಾಲ್ವ್‌ಗಳ ಜೋಡಿಯಿರುವ, 600 ವೋಲ್ಟಿನ ಆಂಪ್ಲಿಫೈಯರ್ ಕೊಟ್ಟಿದ್ದಾರೆ. ಮನೆಯ ಹತ್ತಿರ ದಾಲ್ ಮಿಲ್ ಇದ್ದು, ಅದು ನಡೆಯುವಾಗ ವೋಲ್ಟೇಜ್ 180ಕ್ಕೆ ಇಳಿಯುತ್ತದೆ. ಶಕ್ತಿ ಕುಗ್ಗುತ್ತದೆ; ಟ್ಯೂನ್ ಮಾಡುವಾಗ ಪ್ಲೇಟ್ ಕರೆಂಟಿನ ಮುಳ್ಳು ಜಿಗಿಯುತ್ತದೆ; ಗಾಜಿನಲ್ಲಿ ನೀಲಿ ಬೆಳಕು ಕಾಣುತ್ತದೆ. (ನಿವೃತ್ತ ನೌಕರರು, ಕಲಬುರಗಿ)

ಉತ್ತರ: ಎಲ್ಲಕ್ಕಿಂತ ಮೊದಲು, ಇದರ ಮುಚ್ಚಳ ತೆಗೆಯುವ ಮುನ್ನ ಪ್ಲಗ್ ಕಿತ್ತು, ಬ್ಲೀಡರ್ ರೆಸಿಸ್ಟರ್ (ಆರಿಸಿದ ಮೇಲೆ ಕೆಪಾಸಿಟರಿನಲ್ಲಿ ಉಳಿದ ವಿದ್ಯುತ್ತನ್ನು ಹರಿಸಿಬಿಡುವುದು) ಕೆಲಸ ಮಾಡುತ್ತಿದೆಯೇ ಎಂದು ನೋಡಬೇಕು. 32 ಮೈಕ್ರೊಫ್ಯಾರಡ್ ಕೆಪಾಸಿಟರಿಗೆ 47 ಕಿಲೊಓಮ್ ಬ್ಲೀಡರ್ ಇದ್ದರೆ ಏಳೆಂಟು ಸೆಕೆಂಡಿನಲ್ಲಿ ವೋಲ್ಟೇಜ್ ಇಳಿದುಹೋಗುತ್ತದೆ. ಆ ರೆಸಿಸ್ಟರಿನಲ್ಲಿ ಸದಾ 7.7 ವ್ಯಾಟ್ ಶಾಖವಾಗುವುದರಿಂದ 20 ವ್ಯಾಟಿನದನ್ನೇ ಹಾಕಬೇಕು. ಹಳೆಯ ಸೆಟ್ಟುಗಳಲ್ಲಿ ಇದು ಸುಟ್ಟು ತುಂಡಾಗಿರುವುದು ಸಾಮಾನ್ಯ; ಆಗ ಪ್ಲಗ್ ಕಿತ್ತ ಎಷ್ಟೋ ಹೊತ್ತಿನ ಮೇಲೂ ಕೆಪಾಸಿಟರ್ ಜೀವ ತೆಗೆಯಬಲ್ಲದು. ಬ್ಲೀಡರನ್ನು ನಂಬದೆ, ಒಣಗಿದ ಮರದ ಹಿಡಿಯ ತುದಿಗೆ ಭೂಮಿಗೆ ಸೇರಿಸಿದ ತಂತಿ ಕಟ್ಟಿ, ಕೆಪಾಸಿಟರನ್ನೂ ವಾಲ್ವಿನ ನೆತ್ತಿಯ ಟೋಪಿಯನ್ನೂ ಮುಟ್ಟಿಸಿದ ಮೇಲೆಯೇ ಕೈ ಹಾಕಿರಿ; ಇನ್ನೊಂದು ಕೈ ಜೇಬಿನಲ್ಲಿರಲಿ.

ವೋಲ್ಟೇಜ್ 230ರಿಂದ 180ಕ್ಕೆ ಇಳಿದರೆ ಪ್ಲೇಟಿನ 600 ವೋಲ್ಟ್ 470ಕ್ಕೆ ಬರುತ್ತದೆ, ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಶೇಕಡಾ 61ಕ್ಕೆ ಕುಗ್ಗುತ್ತದೆ. ಅದು ಅಷ್ಟು ಚಿಂತೆಯ ವಿಷಯವಲ್ಲ. ಹೀಟರಿನ 6.3 ವೋಲ್ಟ್ 4.9ಕ್ಕೆ ಇಳಿಯುವುದು ಚಿಂತೆಯದು, ಏಕೆಂದರೆ ತಣ್ಣಗಿರುವ ಕ್ಯಾಥೋಡಿನಿಂದ ಪೂರ್ಣ ಕರೆಂಟ್ ಎಳೆದರೆ ಅದರ ಲೇಪ ಹಾಳಾಗುತ್ತದೆ. ಇಡೀ ಆಂಪ್ಲಿಫೈಯರ್‌ಗೆ ಸ್ಟೆಬಿಲೈಜರ್ ಸಿಗದಿದ್ದರೆ ಹೀಟರಿನ ಟ್ರಾನ್ಸ್‌ಫಾರ್ಮರಿಗೆ ಮಾತ್ರವಾದರೂ ಒಂದು ಚಿಕ್ಕದನ್ನು ಹಾಕಿರಿ, ಮತ್ತು ಮಿಲ್ ನಡೆಯುವ ಹೊತ್ತಿನಲ್ಲಿ ಡ್ರೈವ್ ಇಳಿಸಿರಿ.

ಮುಳ್ಳು ಜಿಗಿಯುವುದು ಪ್ಯಾರಾಸಿಟಿಕ್ ಆಸಿಲೇಷನ್ (ಬೇಡದ ಆವರ್ತನದಲ್ಲಿ ತಾನೇ ಹುಟ್ಟುವ ಅಲೆ) ಇರಬಹುದು. ವಾಲ್ವಿನ ಟೋಪಿಯ ತಂತಿಯಲ್ಲಿ 47 ಓಮ್ ಕಾರ್ಬನ್ ರೆಸಿಸ್ಟರಿನ ಮೇಲೆ ನಾಲ್ಕೈದು ಸುತ್ತು ತಂತಿ ಸುತ್ತಿದ ಸಪ್ರೆಸರ್ ಇರಬೇಕು. ಎರಡು ವಾಲ್ವ್ ಸಮಾಂತರವಾಗಿದ್ದರೆ ಎರಡಕ್ಕೂ ಪ್ರತ್ಯೇಕ. ಆ ರೆಸಿಸ್ಟರ್ ಕಪ್ಪಾಗಿದ್ದರೆ ಬದಲಿಸಿ. ನೀಲಿ ಬೆಳಕು ಗಾಜಿನ ಒಳಮೈಗೆ ಅಂಟಿದಂತೆ ಕಂಡರೆ ಅದಕ್ಕೆ ಅಂಜಬೇಕಿಲ್ಲ; ಎಲೆಕ್ಟ್ರೋಡುಗಳ ನಡುವಿನ ಜಾಗವನ್ನು ತುಂಬಿಕೊಂಡ ನೇರಳೆ ಬೆಳಕಾದರೆ ವಾಲ್ವಿನೊಳಗೆ ಗಾಳಿ ಸೇರಿದೆ, ಅದನ್ನು ಬದಲಿಸಲೇಬೇಕು. ಪ್ಲೇಟ್ ಕೆಂಪಗಾದರೆ ಕೂಡಲೇ ಡ್ರೈವ್ ನಿಲ್ಲಿಸಿ. 807 ಒಂದರ ಪ್ಲೇಟ್ ತಾಳುವ ಶಾಖ 25ರಿಂದ 30 ವ್ಯಾಟ್ ಮಾತ್ರ.

ಪ್ರಶ್ನೆ: ಐಆರ್‌ಎಫ್ 510 ತೆಗೆದು ಅದೇ ಜಾಗಕ್ಕೆ ಆರ್‌ಡಿ 16 ಎಚ್‌ಎಚ್‌ಎಫ್ 1 ಟ್ರಾನ್ಸಿಸ್ಟರ್ ಹಾಕಬಹುದೇ? (ಓದುಗರು, ಭಾಲ್ಕಿ)

ಉತ್ತರ: ಹಾಗೆಯೇ ಹಾಕಿದರೆ ಸುಡುತ್ತದೆ. ಐಆರ್‌ಎಫ್ 510ರ ಕಾಲುಗಳು ಗೇಟ್, ಡ್ರೇನ್, ಸೋರ್ಸ್ ಎಂಬ ಕ್ರಮದಲ್ಲಿದ್ದರೆ ಇದರವು ಗೇಟ್, ಸೋರ್ಸ್, ಡ್ರೇನ್. ಇದರ ಬೆನ್ನಿನ ಲೋಹ ಸೋರ್ಸಿಗೆ ಸೇರಿರುವುದರಿಂದ ಅಭ್ರಕವಿಲ್ಲದೆ ನೇರವಾಗಿ ಹೀಟ್‌ಸಿಂಕಿಗೆ ಬಿಗಿಯಬಹುದು. ಅದು ನಿಜವಾದ ಅನುಕೂಲ. ಆದರೆ ಡ್ರೇನಿನ ಮಿತಿ 50 ವೋಲ್ಟ್ ಮಾತ್ರ. 12.5 ವೋಲ್ಟಿನ ಸುತ್ತಮುತ್ತ ಬಳಸಲೆಂದೇ ಮಾಡಿದ ಟ್ರಾನ್ಸಿಸ್ಟರ್ ಇದಾದ್ದರಿಂದ, ಮೇಲೆ ಹೇಳಿದ 28 ವೋಲ್ಟಿನ ಜೋಡಣೆಗೆ ಇದು ಸಲ್ಲದು.